ರಿವರ್ಸ್ ಮನೆ

ನಮ್ಮದು ರಿವರ್ಸ್ ಮನೆ. ಬಸ್‌ಸ್ಟ್ಯಾಂಡಿನ ಎದುರಿಗೇ ದೊಡ್ಡ ಜಗಲಿಯಿರುವುದು ಬ್ರೇಕ್ ಮನೆ, ಅದರ ಪಕ್ಕ ಸ್ಟಾರ್ಟ್ ಮನೆ, ಬಾವಿಯ ಹತ್ತಿರ ಹಾರ್ನ್ ಮನೆ. ನಮ್ಮದು ಎಲ್ಲಕ್ಕಿಂತ ಹಿಂದೆ, ಓಣಿಯ ಕೊನೆಗೆ. ಒಂದೊಂದು ಮನೆಗೆ ಒಂದೊಂದು ಪದ, ಅದೂ ಮನೆಯಲ್ಲಿ ಒಬ್ಬರಿಗೆ ಮಾತ್ರ. ಅವರು ಗಾಡಿಯಲ್ಲಿ ಕೂತು ಹೇಳಿದರೆ ಗಾಡಿ ಕೇಳುತ್ತದೆ. ಬೇರೆ ಯಾರು ಎಷ್ಟು ಕೂಗಿಕೊಂಡರೂ ಕೇಳುವುದಿಲ್ಲ.

ಹಾಗಾಗಿ ನಮ್ಮೂರಿನಲ್ಲಿ ಯಾರೂ ಗಾಡಿಯಲ್ಲಿ ಒಬ್ಬರೇ ಹೋಗುವುದಿಲ್ಲ. ರೈಸ್ ಮಿಲ್ಲಿನ ಜಯಣ್ಣನವರಿಗೆ ಹಲ್ಲುನೋವು ಬಂದಾಗ ಅವರ ಸ್ಕೂಟರಿನಲ್ಲಿ ಅವರು, ಅವರ ಹಿಂದೆ ಸ್ಟಾರ್ಟ್ ಮನೆಯ ಪರಮೇಶಿ ಮಾವ, ಕೊನೆಗೆ ಬ್ರೇಕ್ ಮನೆಯ ದಾಕ್ಷಾಯಣಕ್ಕ ಕೂತು ಕೆಳಪೇಟೆಗೆ ಹೋಗಿದ್ದರು. ದಾಕ್ಷಾಯಣಕ್ಕ ದಪ್ಪ. ಬರುವಷ್ಟರಲ್ಲಿ ಜಯಣ್ಣನವರ ಹಲ್ಲುನೋವು ಹೋಗಿ ಸೊಂಟನೋವು ಬಂದಿತ್ತು. ಹೆಡ್‌ಲೈಟ್ ಮನೆಯ ಮುದುಕರಿಗೆ ಏಳು ಗಂಟೆಗೇ ನಿದ್ದೆ ಹತ್ತುವುದರಿಂದ ಕತ್ತಲಾದ ಮೇಲೆ ಪ್ರಯಾಣವಿಲ್ಲ. ಓವರ್‌ಟೇಕ್ ಮನೆ ಅಂತಲೂ ಒಂದಿತ್ತು. ಅದರ ಕೊನೆಯ ಯಜಮಾನರು ಮಕ್ಕಳ ಮೇಲಿನ ಸಿಟ್ಟಿಗೆ ತಮ್ಮ ಪದವನ್ನು ಯಾರಿಗೂ ಕೊಡದೆ ಕಣ್ಣುಮುಚ್ಚಿದರು. ಅಂದಿನಿಂದ ಬಸ್ಸಿನ ಮುಂದೆ ಎತ್ತಿನಗಾಡಿ ಸಿಕ್ಕರೆ ಅದು ಎಲ್ಲಿಯವರೆಗೆ ಹೋಗುತ್ತದೋ ಅಲ್ಲಿಯವರೆಗೆ ಬಸ್ಸೂ ಅದರ ಹಿಂದೆಯೇ. ಜನ ಇಳಿದು ಗಾಡಿಯವನ ಜೊತೆ ಎಲೆಅಡಿಕೆ ಹಾಕಿಕೊಂಡು ನಡೆಯುತ್ತಾರೆ. ಅಭ್ಯಾಸವಾಗಿದೆ. ಆದರೆ ಹೋದ ಪದ ಮತ್ತೆ ಬರುವುದಿಲ್ಲ ಅನ್ನುವುದನ್ನು ಯಾರೂ ಮರೆತಿಲ್ಲ.

ನಾನು ಬಿ.ಎ. ಮಾಡಿದ್ದೇನೆ. ರಸ್ತೆ, ವಾಹನ, ಪ್ರಯಾಣಕ್ಕೆ ಸೇರಿದ ಇಂಗ್ಲಿಷ್ ಪದಗಳನ್ನೆಲ್ಲ ಕಾಲೇಜಿನಲ್ಲಿ ಪಟ್ಟಿ ಮಾಡಿ ಡೈರಿಯ ಹಿಂಬದಿಯಲ್ಲಿ ಬರೆದುಕೊಂಡಿದ್ದೆ. ಡೈವರ್ಷನ್, ಫ್ಲೈಓವರ್, ಝೀಬ್ರಾ ಕ್ರಾಸಿಂಗ್, ನೋ ಪಾರ್ಕಿಂಗ್. ಒಟ್ಟು ಇನ್ನೂರ ಹದಿನಾರು. ಅವುಗಳಲ್ಲಿ ಮುಕ್ಕಾಲು ಪಾಲಿಗೆ ನಮ್ಮೂರಲ್ಲಿ ಮನೆಯೇ ಇಲ್ಲ. ಕಾಲೇಜಿನ ಮೂರು ವರ್ಷದಲ್ಲಿ ನಾನು ತರಗತಿಯಲ್ಲಿ ಬಾಯಿ ಬಿಟ್ಟದ್ದು ಹಾಜರಿಗೆ ಮಾತ್ರ. ಅದಕ್ಕೂ ಎಷ್ಟೋ ಸಲ ಪಕ್ಕದವಳು ನನ್ನ ಪರವಾಗಿ ಕೂಗಿ, ನಾನು ಎದ್ದು ನಿಂತು ಮುಖ ತೋರಿಸಿದ್ದಿದೆ.

ರಿವರ್ಸ್ ಅನ್ನುವುದು ಹೆಚ್ಚು ಬಳಕೆಯ ಪದವಲ್ಲ. ನಮ್ಮ ಅಜ್ಜಿ ಅಂಗಳ ದಾಟುತ್ತಿದ್ದದ್ದೇ ಅಪರೂಪ. ಒಂದು ರಿವರ್ಸಿಗಾಗಿ ಮಡಿಯುಟ್ಟ ಮುದುಕಿಯನ್ನು ಯಾರು ಎಬ್ಬಿಸುತ್ತಾರೆ ಅಂತ ಊರಿನವರು ರಸ್ತೆಗಳನ್ನೇ ಸುತ್ತುಬಳಸಾಗಿ ಮಾಡಿಕೊಂಡಿದ್ದಾರೆ. ಸ್ಕೂಲಿಗೊಂದು ಸುತ್ತು, ಮಿಲ್ಲಿಗೊಂದು ಸುತ್ತು, ಬಸ್‌ಸ್ಟ್ಯಾಂಡಿನ ಅರಳಿಮರಕ್ಕೊಂದು ಸುತ್ತು. ಆದರೂ ತಿಂಗಳಿಗೆ ಒಂದೆರಡು ಸಲ ಅಜ್ಜಿಯನ್ನು ಕರೆಯಲೇಬೇಕಾಗುತ್ತಿತ್ತು. ಮಿಲ್ಲಿನ ಹಿಂದಿನ ಗೋಡೌನಿಗೆ ಲಾರಿ ಹಿಂದಕ್ಕೆ ಹೋಗದಿದ್ದರೆ ಹಮಾಲರು ಮೂಟೆಗಳನ್ನು ಗೇಟಿನಿಂದ ಹೊತ್ತು ಸಾಗಿಸಬೇಕು. ಅಜ್ಜಿ ಗೊಣಗದೆ ಹೋಗಿ, ಲಾರಿ ಹತ್ತಿ ಕೂತು, ಒಂದು ಸಲ ಹೇಳಿ ಬರುತ್ತಿದ್ದಳು.

ಹೋದ ವರ್ಷ ಅಜ್ಜಿಗೆ ಲಕ್ವ ಹೊಡೆಯಿತು. ಪದ ಯಾರಿಗೆ ಅಂತ ಅಪ್ಪ ಕೇಳಿದಾಗ ಎಲ್ಲರೂ ಚಿಕ್ಕಪ್ಪನ ಮಗಳು ಪಟಪಟ ಮಾತಾಡುವ ಸುಧಾಮಣಿಗೆ ಅಂದುಕೊಂಡಿದ್ದರು. ಅಜ್ಜಿ ಕಣ್ಣಿನಲ್ಲೇ ನನ್ನನ್ನು ತೋರಿಸಿದಳು. ಕೊಡುವ ಕ್ರಮ ಇಷ್ಟೇ: ತೆಗೆದುಕೊಳ್ಳುವವರ ಅಂಗೈಯಲ್ಲಿ ಬೆಲ್ಲದ ಚೂರಿಟ್ಟು ಕಿವಿಯಲ್ಲಿ ಮೂರು ಸಲ ಹೇಳಬೇಕು. ಮೂರನೆಯ ಸಲಕ್ಕೆ ಪದ ದಾಟುತ್ತದೆ. ನಾನು ಬಗ್ಗಿ ಕೂತೆ. ಅಜ್ಜಿಯ ಬಾಯಿ ಒಂದು ಕಡೆ ಸೊಟ್ಟಗಾಗಿತ್ತು. ಒಂದು ಸಲ ಹೇಳಿದಳು, ಕೇಳಿತು. ಎರಡನೆಯ ಸಲ ತಡವಾಗಿ ಹೇಳಿದಳು, ಅದೂ ಕೇಳಿತು. ಮೂರನೆಯ ಸಲ ನನ್ನ ಕಿವಿಗೆ ಬಂದದ್ದು ಬರೀ ಬಿಸಿ ಉಸಿರು. ಅಪ್ಪ ಹಿಂದಿನಿಂದ, ಆಯ್ತೇನಮ್ಮ ಅಂದರು. ನಾನು ತಲೆಯಾಡಿಸಿದೆ. ಯಾಕೆ ಆಡಿಸಿದೆನೋ ಇವತ್ತಿಗೂ ತಿಳಿಯದು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು, ಆ ನೋಟ ಬೇಗ ಮುಗಿಯಲಿ ಅನ್ನಿಸಿರಬೇಕು. ಮಾರನೆಯ ಬೆಳಿಗ್ಗೆ ಅಜ್ಜಿ ಹೋದಳು.

ಹೊಸಬರಿಗೆ ಪದ ಬಂದರೆ ಬಸ್‌ಸ್ಟ್ಯಾಂಡಿನಲ್ಲಿ ಊರಿನ ಮುಂದೆ ಒಂದು ಸಲ ಹೇಳಿ ತೋರಿಸುವುದು ವಾಡಿಕೆ. ಮಂಡಕ್ಕಿ, ಹುರಿಗಡಲೆ, ಹೂವಿನ ಹಾರ ಎಲ್ಲ ತಂದಿದ್ದರು. ಸ್ಟೇರಿಂಗ್ ಮನೆಯ ಯಂಕಪ್ಪ ಬಸ್ಸಿನ ಚಕ್ರ ಹಿಡಿದು ಕೂತಿದ್ದ. ಪರಮೇಶಿ ಮಾವ ಸ್ಟಾರ್ಟ್ ಅಂದರು, ಬಸ್ಸು ಗುರ್ ಅಂದಿತು. ಮುಂದಿನ ಸೀಟಿನಲ್ಲಿ ದಾಕ್ಷಾಯಣಕ್ಕ. ಅವರು ಬ್ರೇಕ್ ಅಂದರೆ ಗಾಡಿ ನಿಲ್ಲುತ್ತದೆ, ಹೂಂ ಅಂದರೆ ಬಿಡುತ್ತದೆ, ಸೀಟಿನಿಂದ ಎದ್ದರೂ ಬಿಟ್ಟುಬಿಡುತ್ತದೆ. ಅದಕ್ಕೇ ಅವರು ಯಾವಾಗಲೂ ಕೊನೆಗೆ ಇಳಿಯುವುದು, ಅದೂ ಚಕ್ರಕ್ಕೆ ಕಲ್ಲು ಕೊಟ್ಟ ಮೇಲೆ. ಅವರ ಮುಖದಲ್ಲಿ ಸದಾ ಒಂದು ಬಿಗುವು. ಕಂಡರೆ ನಾನು ಓಣಿ ಬದಲಿಸುತ್ತಿದ್ದೆ.

ನಾನು ಕೂತ ಕಿಟಕಿಯ ಹೊರಗೆ ಅಷ್ಟೂ ಮುಖಗಳು. ನಾನು ಬಾಯಿ ತೆರೆದೆ. ತುಟಿ ಆಡಿತು, ದನಿ ಬರಲಿಲ್ಲ. ಬಸ್ಸು ಮೆಲ್ಲಗೆ ನಾಲ್ಕು ಮಾರು ಹಿಂದಕ್ಕೆ ಹೋಯಿತು. ಜನ ಚಪ್ಪಾಳೆ ತಟ್ಟಿದರು. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೆ ಮಾತ್ರ ಗೊತ್ತಿತ್ತು, ನಾನು ಏನೂ ಹೇಳಿರಲಿಲ್ಲ.

ನಾಲ್ಕು ದಿನ ಬಿಟ್ಟು, ಮಧ್ಯಾಹ್ನ ಸ್ಟ್ಯಾಂಡಿನಲ್ಲಿ ಯಾರೂ ಇಲ್ಲದಾಗ, ಬಸ್ಸು ನಿಂತಿದ್ದ ಜಾಗದಲ್ಲಿ ಒಂದು ನಿಂಬೆಹಣ್ಣು ಇಟ್ಟು ನೋಡಿದೆ. ಅದು ಬಸ್ಸು ಹೋದ ಕಡೆಗೇ ಉರುಳಿತು. ನೆಲ ಇಳಿಜಾರು. ಅವತ್ತಿನ ಡೈರಿಯಲ್ಲಿ ಒಂದೇ ಸಾಲಿದೆ: ನಿಂಬೆಹಣ್ಣು ಉರುಳಿತು.

ಅಲ್ಲಿಂದ ಹತ್ತು ತಿಂಗಳು. ಪದ ನನಗೆ ಬಂದಿಲ್ಲದಿದ್ದರೆ ಅದು ಅಜ್ಜಿಯ ಜೊತೆಯಲ್ಲೇ ಹೋಯಿತು, ಊರಿಗೆ ಇನ್ನು ರಿವರ್ಸೇ ಇಲ್ಲ. ಹೇಳಿ ನೋಡಿದರೆ ತಿಳಿದುಬಿಡುತ್ತದೆ. ತಿಳಿಯುವುದೇ ನನಗೆ ಬೇಡವಾಗಿತ್ತು. ಮಿಲ್ಲಿನಿಂದ ಕರೆ ಬಂದಾಗಲೆಲ್ಲ ಗಂಟಲು ಕೆಟ್ಟಿದೆ ಅಂತ ಅಮ್ಮನ ಕೈಲಿ ಹೇಳಿಸಿದೆ. ಅಮ್ಮ ಪಾಪ ನಿಜವೆಂದು ನಂಬಿ ದಿನಾ ಮೆಣಸಿನ ಕಷಾಯ ಕಾಸಿ ಕೊಟ್ಟಳು. ನಾನು ಅದನ್ನು ಹಿತ್ತಿಲ ನುಗ್ಗೆಗಿಡದ ಬುಡಕ್ಕೆ ಹುಯ್ಯುತ್ತಿದ್ದೆ. ಹಮಾಲರು ಗೇಟಿನಿಂದ ಗೋಡೌನಿನವರೆಗೆ ಮೂಟೆ ಹೊರುವುದು ನಮ್ಮ ಮಾಳಿಗೆಯಿಂದ ಕಾಣುತ್ತದೆ. ಒಂದು ದಿನ ಎಣಿಸಿದೆ, ನೂರ ಎಂಟು ಮೂಟೆ. ಆಮೇಲೆ ಮಾಳಿಗೆ ಹತ್ತುವುದನ್ನೇ ಬಿಟ್ಟೆ.

ಬಸ್ಸಿನಲ್ಲಿ ಮಾತ್ರ ದಿನಾ ಹೋಗಲೇಬೇಕಿತ್ತು. ಎಲ್ಲ ಮನೆಯವರೂ ಇಲ್ಲದೆ ಬಸ್ಸು ಹೊರಡುವಂತಿಲ್ಲ; ಮುದುಕಿಯೆಂದು ಅಜ್ಜಿಗೊಬ್ಬಳಿಗೆ ವಿನಾಯಿತಿ ಇತ್ತು. ನಾನು ಕೊನೆಯ ಸೀಟಿನ ಕಿಟಕಿಯ ಪಕ್ಕ ಕೂತು ಡೈರಿ ಬರೆಯುತ್ತಿದ್ದೆ. ಹಾರ್ನ್ ಮನೆಯ ಕೊಟ್ರೇಶಣ್ಣ ತಿರುವು ತಿರುವಿಗೂ ಹಾರ್ನ್ ಹಾರ್ನ್ ಅನ್ನುತ್ತ, ನಡುವೆ ನನ್ನ ಕಡೆ ತಿರುಗಿ, ನಿನ್ನದೇ ಒಳ್ಳೆ ಕೆಲಸ ಕಣಮ್ಮ, ಕೂತ್ರೆ ಆಯ್ತು ಅನ್ನುತ್ತಿದ್ದ.

ಈಗ ಹೇಳಬೇಕಾದದ್ದು ಮೊನ್ನೆ ಗುರುವಾರದ್ದು. ಹಿಂದಿನ ಎರಡು ದಿನ ಬಿಡದೆ ಮಳೆ ಸುರಿದು ಅವತ್ತು ಬೆಳಿಗ್ಗೆ ಬಿಸಿಲು ಬಿದ್ದಿತ್ತು. ಎಂಟರ ಬಸ್ಸು ಹೊರಟಿತು. ಕೆಳಪೇಟೆಗೆ ಹೋಗುವ ದಾರಿಯಲ್ಲಿ ಕೆರೆ ಏರಿಗೆ ಇಳಿಯುವ ಒಂದು ಇಳಿಜಾರಿದೆ. ಎಡಕ್ಕೆ ಕೆರೆ, ಬಲಕ್ಕೆ ಆಳದಲ್ಲಿ ಗದ್ದೆ, ನಡುವೆ ಒಂದು ಬಸ್ಸು ಹಿಡಿಸುವಷ್ಟೇ ಮಣ್ಣಿನ ರಸ್ತೆ. ಇಳಿಜಾರು ಮುಗಿಯುವಲ್ಲಿ ಏರಿ ಒಡೆದಿತ್ತು. ಯಂಕಪ್ಪ ಅಯ್ಯೋ ಅನ್ನುವುದಕ್ಕೂ ದಾಕ್ಷಾಯಣಕ್ಕ ಬ್ರೇಕ್ ಅನ್ನುವುದಕ್ಕೂ ಸರಿಹೋಯಿತು. ಬಸ್ಸು ನಿಂತಾಗ ಮುಂದಿನ ಚಕ್ರಕ್ಕೂ ಕೊರಕಲಿಗೂ ಮೂರು ಮಾರು ಅಂತರ. ಕೊರಕಲಿನಲ್ಲಿ ಕೆಂಪು ನೀರು ನುಗ್ಗುತ್ತಿತ್ತು. ನೋಡುತ್ತಿದ್ದಂತೆಯೇ ಅಂಚಿನಿಂದ ಒಂದು ಹೆಂಟೆ ಕಳಚಿ ಬಿತ್ತು.

ಜನರನ್ನೆಲ್ಲ ಹಿಂದಿನ ಬಾಗಿಲಿನಿಂದ ಇಳಿಸಿದರು. ಗಂಡಸರು ಕಲ್ಲು ತಂದು ಚಕ್ರದ ಮುಂದೆ ಕೊಟ್ಟರು. ಹಸಿ ಮಣ್ಣು, ಕಾಲಿನಿಂದ ಒತ್ತಿದರೆ ಸಾಕು ಕಲ್ಲು ಒಳಗೆ ಇಳಿಯುತ್ತಿತ್ತು. ಆಗ ಎಲ್ಲರಿಗೂ ಒಟ್ಟಿಗೆ ಹೊಳೆಯಿತು: ದಾಕ್ಷಾಯಣಕ್ಕ ಏಳುವಂತಿಲ್ಲ. ಅವರು ಎದ್ದರೆ ಬ್ರೇಕೂ ಎದ್ದುಬಿಡುತ್ತದೆ. ಅವರ ಮಂಡಿ ಕೆಟ್ಟು ಆರು ವರ್ಷವಾಯಿತು, ಸೀಟಿನಿಂದ ಹಿಂದಿನ ಬಾಗಿಲಿಗೆ ಬರಲು ಕಂಬಿ ಕಂಬಿ ಹಿಡಿದು ಐದು ನಿಮಿಷ ಬೇಕು. ಅಷ್ಟರಲ್ಲಿ ಬಸ್ಸು ಅವರನ್ನೂ ಕರೆದುಕೊಂಡು ಕೊರಕಲಿಗೆ ಹೋಗಿರುತ್ತದೆ. ಸುಮ್ಮನೆ ಕೂತರೆ ಅಂಚು ತಾನಾಗಿಯೇ ಚಕ್ರದ ಹತ್ತಿರ ಬರುತ್ತದೆ. ತಿರುಗಿಸಲು ಜಾಗವಿಲ್ಲ.

ಯಾರೋ, ರಿವರ್ಸ್ ಮನೆ ಹುಡುಗಿ ಎಲ್ಲಿ ಅಂದರು. ಗುಂಪು ಸರಿದು ದಾರಿ ಬಿಟ್ಟಿತು. ಎಲ್ಲರ ಕಣ್ಣೂ ನನ್ನ ಮೇಲೆ, ಅವತ್ತಿನ ಹಾಗೆಯೇ. ಗಂಟಲು ಕೆಟ್ಟಿದೆ ಅನ್ನಲು ಅಮ್ಮ ಅಲ್ಲಿ ಇರಲಿಲ್ಲ. ನಾನು ಬಸ್ಸು ಹತ್ತಿದೆ.

ಒಳಗೆ ಮೂವರಿದ್ದರು. ಚಕ್ರ ಬಿಡದ ಯಂಕಪ್ಪ, ಇಂಜಿನ್ ಆರದಂತೆ ಕೂತಿದ್ದ ಪರಮೇಶಿ ಮಾವ, ಮುಂದಿನ ಸೀಟಿನಲ್ಲಿ ಎರಡೂ ಕೈಯಲ್ಲಿ ಚೀಲ ಅವುಚಿಕೊಂಡಿದ್ದ ದಾಕ್ಷಾಯಣಕ್ಕ. ಬ್ರೇಕ್ ಹಿಡಿದಿರುವಾಗ ರಿವರ್ಸ್ ಹೇಳಿದರೆ ಗಾಡಿ ಅಲುಗುವುದಿಲ್ಲ. ಮೊದಲು ಅವರು ಬಿಡಬೇಕು, ಆಮೇಲೆ ನಾನು ಹೇಳಬೇಕು. ಅವರು ಬಿಟ್ಟ ಮೇಲೆ ನನ್ನ ಪದ ಬರದಿದ್ದರೆ, ಅಷ್ಟೇ. ಹೇಳಿ ನೋಡಿ ಆಮೇಲೆ ತಲೆ ತಗ್ಗಿಸುವ ಅವಕಾಶ ಹತ್ತು ತಿಂಗಳಿಂದ ದಿನಾ ಇತ್ತು. ಇವತ್ತು ಇರಲಿಲ್ಲ.

ಅವರ ಸೀಟಿನ ಹತ್ತಿರ ನಿಂತು ಹೇಳಿದೆ. "ಅಕ್ಕ, ಅವತ್ತು ಸ್ಟ್ಯಾಂಡಿನಲ್ಲಿ ನಾನು ಹೇಳಲೇ ಇಲ್ಲ. ಬಾಯಿ ಆಡಿಸಿದೆ ಅಷ್ಟೆ."

"ಗೊತ್ತು," ಅಂದರು ದಾಕ್ಷಾಯಣಕ್ಕ. ಕಣ್ಣು ಕೊರಕಲಿನ ಮೇಲೇ ಇತ್ತು. "ಹೂಂ ಅಂದವಳು ನಾನು. ಅಷ್ಟು ಜನರ ಮುಂದೆ ನೀನು ಕೋಳಿಮರಿ ಹಂಗೆ ನಡುಗ್ತಾ ಕೂತಿದ್ದೆ. ಹಿಂದಕ್ಕೆ ಇಳಿಜಾರಿತ್ತು, ಬಿಟ್ಟೆ. ಆಮೇಲೆ ನಿಂಬೆಹಣ್ಣು ತಂದು ಉರುಳಿಸಿದೆಯಲ್ಲ, ಅದನ್ನೂ ಜಗಲಿ ಮೇಲಿಂದ ನೋಡಿದೆ."

ಹಾಗಾದರೆ ಯಾಕೆ ಯಾರಿಗೂ ಹೇಳಲಿಲ್ಲ ಅಂತ ಕೇಳಿದೆ. ನೀನೇ ಒಂದಿನ ಬಂದು ಹೇಳ್ತೀಯ ಅಂತ ಕಾದೆ ಅಂದರು. ಬಂದೆ, ಆದರೆ ಇಂಥ ಜಾಗ ನೋಡ್ಕೊಂಡು ಬರ್ತೀಯ ಅಂತ ಅಂದ್ಕೊಂಡಿರಲಿಲ್ಲ ಅಂತಲೂ ಅಂದರು.

ಹಿಂದಿನ ಸೀಟಿನಿಂದ ಪರಮೇಶಿ ಮಾವ, ಇದನ್ನೆಲ್ಲ ನಾನು ಇಳಿದ ಮೇಲೆ ಮಾತಾಡಬಹುದಿತ್ತು ಅಂತ ಗೊಣಗಿದರು. ಆದರೆ ಏಳಲಿಲ್ಲ.

ಉಳಿದದ್ದನ್ನೂ ಹೇಳಿಬಿಡಬೇಕಿತ್ತು. "ಅಜ್ಜಿ ಎರಡು ಸಲ ಹೇಳಿದ್ದು ಕೇಳಿಸಿತು. ಮೂರನೇದು ಬರೀ ಉಸಿರು. ಪದ ನನಗೆ ಬಂದಿದೆಯೋ ಇಲ್ಲವೋ ನನಗೇ ಗೊತ್ತಿಲ್ಲ ಅಕ್ಕ."

ದಾಕ್ಷಾಯಣಕ್ಕ ಆಗ ನನ್ನ ಕಡೆ ತಿರುಗಿದರು. ಅಷ್ಟು ಹತ್ತಿರದಿಂದ ನಾನು ಅವರ ಮುಖ ನೋಡಿರಲಿಲ್ಲ. ಬಿಗುವು ಅಂದುಕೊಂಡದ್ದು ಮಂಡಿನೋವು ಇರಬೇಕು ಅನ್ನಿಸಿತು.

"ನಿಮ್ಮಜ್ಜಿ ಅರ್ಧಕ್ಕೆ ಬಿಡೋ ಹೆಂಗಸಲ್ಲ," ಅಂದರು. "ಹಿಂದಿನ ಬಾಗಿಲ ಹತ್ತಿರ ಹೋಗಿ ಕೂತು ಹೇಳು. ಬರಲಿಲ್ಲ ಅಂದ್ರೆ ಹಾರಿಕೋ. ಯಂಕಪ್ಪ, ನೀನೂ ಪರಮೇಶಿನೂ ಅಷ್ಟೆ."

ಯಂಕಪ್ಪ, ನಾನು ಚಕ್ರ ಬಿಟ್ಟರೆ ನೆಟ್ಟಗೆ ಹಿಂದಕ್ಕೆ ತಗೊಂಡು ಹೋಗೋದು ಯಾರು ಅಂದ. ನಾನು ಹಿಂದಿನ ಬಾಗಿಲಿನ ಕಡೆ ನೋಡಿದೆ. ನಿಜ ಹೇಳುತ್ತೇನೆ, ಒಂದು ಹೆಜ್ಜೆ ಇಟ್ಟೂ ಇಟ್ಟೆ. ಆಮೇಲೆ ತಿರುಗಿ ಬಂದು ದಾಕ್ಷಾಯಣಕ್ಕನ ಪಕ್ಕದಲ್ಲೇ ಕೂತೆ. ಅವರು ಚೀಲವನ್ನು ತೊಡೆಯ ಮೇಲಿಂದ ಸರಿಸಿ ನನಗೆ ಜಾಗ ಮಾಡಿದರು. ಚೀಲದಲ್ಲಿ ಹಸಿ ಕೊತ್ತಂಬರಿಯ ವಾಸನೆ ಇತ್ತು.

"ಹೂಂ," ಅಂದರು.

ಬಸ್ಸು ಮುಂದಕ್ಕೆ ಜಾರಿತು. ಕಲ್ಲುಗಳು ಮಣ್ಣಿನಲ್ಲಿ ಕಚಕ್ ಎಂದು ಕುಳಿತದ್ದು ಕೇಳಿಸಿತು. ನಾನು ಬಾಯಿ ತೆರೆದೆ. ತುಟಿ ಆಡಿತು, ದನಿ ಬರಲಿಲ್ಲ, ಸ್ಟ್ಯಾಂಡಿನಲ್ಲಿ ಆದ ಹಾಗೇ. ಗಾಜಿನಲ್ಲಿ ರಸ್ತೆ ಕಾಣುವುದು ನಿಂತು ಕೆಂಪು ನೀರೊಂದೇ ಕಾಣತೊಡಗಿತು. ದಾಕ್ಷಾಯಣಕ್ಕ ಮತ್ತೆ ಬ್ರೇಕ್ ಅನ್ನಬಹುದಿತ್ತು. ಅನ್ನಲಿಲ್ಲ. ಕಣ್ಣು ಮುಚ್ಚಿಕೊಂಡು, ಮನೆಯಲ್ಲಿ ಹಾಲು ಉಕ್ಕುವುದನ್ನು ಕಾಯುವವರ ಹಾಗೆ ಸುಮ್ಮನೆ ಕೂತಿದ್ದರು. ಆ ಸುಮ್ಮನಿರುವಿಕೆ ನನ್ನನ್ನು ಏನು ಮಾಡಿತೋ.

"ರಿವರ್ಸ್."

ಕೂಗಲಿಲ್ಲ. ಓದುತ್ತ ಕೂತವರನ್ನು ಊಟಕ್ಕೆ ಕರೆಯುವಷ್ಟು ಮೆಲ್ಲಗಿತ್ತು. ಬಸ್ಸು ನಿಂತಿತು. ಒಂದು ಕ್ಷಣ ಮೈಯೆಲ್ಲ ನಡುಗಿತು, ಅದರದೋ ನನ್ನದೋ. ಆಮೇಲೆ ಹಿಂದಿನ ಚಕ್ರಗಳು ಮಣ್ಣು ಕೆದರಿ, ಹಿಡಿದು, ಇಡೀ ಬಸ್ಸು ಇಳಿಜಾರು ಹತ್ತುತ್ತ ಹಿಂದಕ್ಕೆ ಸರಿಯಿತು. ಗಾಜಿನಲ್ಲಿ ನೀರು ಹೋಗಿ ರಸ್ತೆ ಬಂತು. ನಾವು ಇಪ್ಪತ್ತು ಮಾರು ಮೇಲೆ ಬರುವಷ್ಟರಲ್ಲಿ, ಚಕ್ರ ನಿಂತಿದ್ದ ಜಾಗ ಸದ್ದಿಲ್ಲದೆ ಕೊರಕಲಿನ ಪಾಲಾಯಿತು.

ಹೊರಗೆ ಜನ ಏನೇನೋ ಕೂಗುತ್ತಿದ್ದರು. ಒಳಗೆ ಯಂಕಪ್ಪ ಒಂದು ಕೈಯಲ್ಲಿ ಮುಖ ಒರೆಸಿಕೊಂಡ. ಪರಮೇಶಿ ಮಾವ, ಮೂರನೇದು ಉಸಿರಲ್ಲಿ ಹೇಳಿದ್ದಾಳೆ ಮುದುಕಿ, ಅದಕ್ಕೇ ಇದಕ್ಕೆ ದನಿ ಕಮ್ಮಿ ಅಂದರು. ದಾಕ್ಷಾಯಣಕ್ಕ ನಕ್ಕರು. ನಾನು ಅಳುತ್ತಿದ್ದೆ ಅಂತ ನನಗೆ ತಿಳಿದದ್ದು ಅವರು ತಮ್ಮ ಸೆರಗನ್ನು ನನ್ನ ಕೈಗೆ ಕೊಟ್ಟಾಗ.

ಅಷ್ಟಕ್ಕೆ ಮುಗಿಯಲಿಲ್ಲ. ಆ ದಾರಿಯಲ್ಲಿ ಬಸ್ಸು ತಿರುಗಿಸಲು ಎಲ್ಲೂ ಜಾಗವಿಲ್ಲ, ಮೊದಲ ಸುತ್ತು ಸಿಗುವುದೇ ಬಸ್‌ಸ್ಟ್ಯಾಂಡಿನ ಅರಳಿಮರದ ಹತ್ತಿರ. ಹಾಗಾಗಿ ಎರಡೂವರೆ ಮೈಲಿ ಉದ್ದಕ್ಕೂ ಹಿಂದಕ್ಕೇ ಹೋಗಬೇಕಾಯಿತು. ಒಂದು ಸಲ ಹೇಳಿದರೆ ಬಸ್ಸು ಹತ್ತಿಪ್ಪತ್ತು ಮಾರು ಹೋಗುತ್ತದೆ, ಮತ್ತೆ ಹೇಳಬೇಕು. ಜನ ಬಸ್ಸು ಹತ್ತಲು ಒಪ್ಪಲಿಲ್ಲ, ಬಸ್ಸಿಗೆ ದಾರಿ ತೋರಿಸುತ್ತ ನಡೆದರು. ಕೊಟ್ರೇಶಣ್ಣ ಎಲ್ಲರಿಗಿಂತ ಮುಂದೆ ಚಪ್ಪಾಳೆ ತಟ್ಟುತ್ತ ಹೋದ. ಬಸ್ಸಿನಿಂದ ಇಳಿದ ಮೇಲೆ ಅವನ ಹಾರ್ನ್ ನಡೆಯುವುದಿಲ್ಲವಲ್ಲ. ಮೊದಮೊದಲು ನಾನು ಪ್ರತಿ ಸಲವೂ ಹೆದರಿ ಹೇಳಿದೆ. ಹೊಲಗೇರಿಯ ಹೊಂಗೆಮರ ದಾಟಿದ ಮೇಲೆ ಹೆದರುವುದು ಮರೆತೇಹೋಯಿತು. ಮಾರಮ್ಮನ ಗುಡಿಯ ಹತ್ತಿರ ಒಂದು ಸಲ ದಾಕ್ಷಾಯಣಕ್ಕನ ಜೊತೆ ಕೊತ್ತಂಬರಿಯ ವಿಷಯ ಮಾತಾಡುತ್ತ ಹೇಳುವುದನ್ನೇ ಬಿಟ್ಟು, ಬಸ್ಸು ನಿಂತು, ಯಂಕಪ್ಪ ತಿರುಗಿ ನೋಡಬೇಕಾಯಿತು. ಒಟ್ಟು ನೂರ ಅರವತ್ತೇಳು ಸಲ ಹೇಳಿದೆ. ಹುಟ್ಟಿದಾಗಿನಿಂದ ಅಪರಿಚಿತರ ಮುಂದೆ ನಾನು ಆಡಿದ ಮಾತನ್ನೆಲ್ಲ ಕೂಡಿಸಿದರೂ ಅಷ್ಟಾಗಲಾರದು.

ಸ್ಟ್ಯಾಂಡಿಗೆ ಬಸ್ಸು ಬೆನ್ನು ತೋರಿಸಿಕೊಂಡು ಬಂದದ್ದನ್ನು ನೋಡಿ ಹೋಟೆಲಿನವರು ದೋಸೆ ಬಿಟ್ಟು ಹೊರಗೆ ಬಂದರು. ಚಕ್ರಕ್ಕೆ ಕಲ್ಲು ಕೊಟ್ಟ ಮೇಲೆ ದಾಕ್ಷಾಯಣಕ್ಕ ಕಂಬಿ ಹಿಡಿದು ಎದ್ದರು. ನಾನು ಇನ್ನೊಂದು ಕಡೆ ಹಿಡಿದುಕೊಂಡೆ. ಬಾಗಿಲಿಗೆ ಬರಲು ಐದಲ್ಲ, ಏಳು ನಿಮಿಷ ಆಯಿತು. ಜಗಲಿಯವರೆಗೆ ಬಿಟ್ಟು ಬಂದೆ. ನಾನು ಮಾಡಿದ್ದನ್ನು ಊರಿಗೆ ಹೇಳಬೇಕಲ್ಲ ಅಕ್ಕ ಅಂದಾಗ, ಪರಮೇಶಿ ಕಿವಿಗೆ ಬಿದ್ದ ಮೇಲೆ ನೀನು ಬೇರೆ ಯಾಕೆ ಹೇಳಬೇಕು ಅಂತ ಕೇಳಿದರು.

ಮನೆಗೆ ಹೋಗುವ ಮೊದಲು ಮಿಲ್ಲಿಗೆ ಹೋದೆ. ಗೇಟಿನಲ್ಲಿ ಲಾರಿ ನಿಂತಿತ್ತು, ಹಮಾಲರು ಮೊದಲ ಮೂಟೆಗೆ ಕೊಕ್ಕೆ ಹಾಕುತ್ತಿದ್ದರು. ಗೇಟಿಗೆ ಅಡ್ಡವಾಗಿ ನಿಂತು, ಸ್ವಲ್ಪ ತಡೀರಿ, ನಾನು ಬಂದಿದ್ದೀನಿ ಅಂದೆ. ಜಯಣ್ಣನವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಗಂಟಲು ವಾಸಿಯಾಯ್ತೇನಮ್ಮ ಅಂತ ಕೇಳಿ, ಉತ್ತರಕ್ಕೆ ಕಾಯದೆ ಯಂಕಪ್ಪನಿಗೂ ಪರಮೇಶಿ ಮಾವನಿಗೂ ದಾಕ್ಷಾಯಣಕ್ಕನಿಗೂ ಹೇಳಿಕಳಿಸಿದರು. ಯಂಕಪ್ಪನೂ ಪರಮೇಶಿ ಮಾವನೂ ಬೇಗ ಬಂದರು. ದಾಕ್ಷಾಯಣಕ್ಕ ನನ್ನನ್ನು ಬೈಯುತ್ತ ಬಂದರು. ಇವತ್ತಿಗೆ ಇನ್ನು ಇದೇ ಕೊನೆ, ನಾಳೆಯಿಂದ ಈ ಹುಡುಗಿಗೆ ಹುಮ್ಮಸ್ಸು ಬಂದಾಗಲೆಲ್ಲ ನನ್ನ ಮಂಡಿ ಸವೆಸೋಕೆ ಆಗಲ್ಲ ಅಂದರು. ನೂರ ಅರವತ್ತೆಂಟನೆಯ ಸಲ ಹೇಳಿದೆ. ಲಾರಿ ಗೋಡೌನಿನ ಬಾಗಿಲಿಗೆ ಹೋಗಿ ನಿಂತಿತು.

ಸಂಜೆ ಡೈರಿ ತೆಗೆದು ಕೂತೆ. ಅಮ್ಮ ಒಳಗೆ ಬಂದಳು. ಅಷ್ಟು ಹೊತ್ತಿಗೆ ಪರಮೇಶಿ ಮಾವ ಊರೆಲ್ಲ ಸುತ್ತಿ ಆಗಿತ್ತು, ಅವಳಿಗೂ ಎಲ್ಲ ಗೊತ್ತಾಗಿತ್ತು. ಬೈಯುತ್ತಾಳೆ ಅಂದುಕೊಂಡೆ. ನುಗ್ಗೆಗಿಡ ಯಾಕೆ ಒಣಗ್ತಿದೆ ಅಂತ ಇವತ್ತು ಗೊತ್ತಾಯ್ತು ಅಂದಳು, ಅಷ್ಟೇ. ನಾನು ಏನೋ ಹೇಳಲು ಹೋದೆ. ದನಿ ಹೊರಡಲಿಲ್ಲ, ಕರಕರ ಅಂತ ಏನೋ ಬಂತು. ಗಂಟಲು ನಿಜವಾಗಿಯೂ ಕೆಟ್ಟಿತ್ತು.

ಅಮ್ಮ ನನ್ನ ಮುಖವನ್ನೇ ನೋಡಿದಳು. ಆಮೇಲೆ ಅಡುಗೆಮನೆಗೆ ಹೋದಳು. ಮೆಣಸು ಕುಟ್ಟುವ ಸದ್ದು ಕೇಳಿಸಿತು. ಲೋಟ ತಂದು ಮುಂದೆ ಇಟ್ಟು ಅಲ್ಲೇ ನಿಂತಳು. ಖಾರಕ್ಕೆ ಕಣ್ಣಲ್ಲಿ ನೀರು ಬಂತು. ಒಂದು ಹನಿ ಉಳಿಸದೆ ಕುಡಿದೆ.